ಹುಳದ ಸಾಕ್ಷಿ ಕೇಳಿದ ಅಂಬಮ್ಮ

ನಮ್ಮತ್ತೆ ಅಂಬಮ್ಮನಿಗೆ ಬಾಯಿ ಸುಮ್ಮನಿರುವುದಿಲ್ಲ. ಸೊಸೆಯ ಹೊಟ್ಟೆಕಿಚ್ಚಿನಿಂದ ಈ ಮಾತು ಹೇಳುತ್ತಿಲ್ಲ. ಆಕೆ ನನಗೆ ಬರೀ ಗಂಡನ ತಾಯಿಯಲ್ಲ, ನಮ್ಮಪ್ಪನ ಬೆನ್ನಿಗೆ ಬಿದ್ದ ತಂಗಿ. ಆಕೆಯ ತೊಡೆಯ ಮೇಲೆ ಕೂತು ಎಳ್ಳುಂಡೆ ತಿಂದು ಬೆಳೆದವಳು ನಾನು, ಕಡೆಗೆ ಆಕೆಯ ಮಗ ಬಸ್ಸಪ್ಪನಿಗೇ ಹೆಂಡತಿಯಾಗಿ ಬಂದೆ. ಹಾಗಾಗಿ ಆಕೆಯನ್ನು ಬೈಯುವ ಹಕ್ಕು ನನಗೆ ತವರಿನ ಕಡೆಯಿಂದಲೂ ಇದೆ, ಗಂಡನ ಮನೆಯ ಕಡೆಯಿಂದಲೂ ಇದೆ. ಆ ಬಾಯಿಯಿಂದಲೇ ಒಂದು ಸಲ ಹೊಲ ಹೋಯಿತು. ಇನ್ನೊಂದು ಸಲವೂ ಹೋಗುವುದರಲ್ಲಿತ್ತು.

ಸಾಲಗುಂದದ ಸೀಮೆಯಲ್ಲಿ ನಮ್ಮಜ್ಜ ಕರಿಬಸಪ್ಪನಿಗೆ ಒಂದೇ ತುಂಡಿನಲ್ಲಿ ಎರೆ ಹೊಲವಿತ್ತು. ಅಂಬಮ್ಮನನ್ನು ಅದೇ ಊರಿಗೆ ಕೊಟ್ಟು ಮದುವೆ ಮಾಡಿದಾಗ ಅಜ್ಜ ಮೂಡಲ ಕಡೆಯ ಪಾಲನ್ನು ಅರಿಷಿಣ ಕುಂಕುಮಕ್ಕೆಂದು ಮಗಳ ಉಡಿಗೆ ಹಾಕಿದ. ನಮ್ಮ ಕಡೆ ಅದಕ್ಕೆ ಕಾಗದ ಪತ್ರ ಇರುತ್ತಿರಲಿಲ್ಲ. ಆ ಹೊಲದ ಒಂದು ಮಣ್ಣಿನ ಹೆಂಟೆ ತಂದು, ಎಲೆ ಅಡಿಕೆಯ ಜೊತೆ ಮಗಳ ಸೆರಗಿನಲ್ಲಿಟ್ಟು, ಹಿರಿಯರ ಮುಂದೆ "ಇದು ನಿಂದವ್ವಾ" ಅಂದರೆ ಮುಗಿಯಿತು. ಅಣ್ಣನ ಪಾಲಿಗೂ ತಂಗಿಯ ಪಾಲಿಗೂ ನಡುವೆ ಒಂದು ಒಡ್ಡು, ಒಡ್ಡಿನ ಮೇಲೆ ಆಳೆತ್ತರದ ಒಂದು ಹುತ್ತ. ಅಷ್ಟೇ ಗುರುತು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಎರಡೂ ಕೂಡಿ ಒಂದೇ ಸರ್ವೆ ನಂಬರು, ಅದೂ ಅಜ್ಜನ ಹೆಸರಿನಲ್ಲಿ.

ಅಂಬಮ್ಮನ ಒಕ್ಕಲುತನದಲ್ಲಿ ಒಂದು ವಿಚಿತ್ರವಿತ್ತು. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಹಸಿಯಾದ ಕೂಡಲೇ ಬುಟ್ಟಿ ತುಂಬ ಅರೆ ಒಣಗಿದ ಸಗಣಿ, ನಮ್ಮ ಮಾತಿನಲ್ಲಿ ಹೆಂಡಿ, ಹೊತ್ತು ಹೊಲಕ್ಕೆ ಹೋಗುತ್ತಿದ್ದಳು. ಅಲ್ಲೊಂದು ಇಲ್ಲೊಂದು ಮುದ್ದೆ ಮಣ್ಣಿಗೆ ಒತ್ತಿ, ಮೇಲೆ ಒಡೆದ ಗಡಿಗೆಯ ಚೂರು ಮುಚ್ಚಿ ಬರುತ್ತಿದ್ದಳು. ಮರುದಿನ ಹೋಗಿ ಚೂರು ಎತ್ತಿ, ಮುದ್ದೆ ತಿರುವಿ ನೋಡುವುದು. ಕೆಳಗೆ ಗೆದ್ದಲು, ಗೊದ್ದ, ಕಪ್ಪು ಹುಳ, ಮಣ್ಣು ಸಡಿಲ ಮಾಡಿಕೊಂಡು ಮೇಲೆ ಬಂದ ಎರೆಹುಳ, ಎಲ್ಲಾ ಗಿಜಿಗಿಜಿ ಎನ್ನುತ್ತಿದ್ದರೆ ಅಲ್ಲಿ ಕಣ್ಣು ಮುಚ್ಚಿ ಬೀಜ ಹಾಕಬಹುದು. ಹುಳ ಕಡಿಮೆಯಿದ್ದ ಕಡೆ ಆ ವರ್ಷ ಬರೀ ಗೊಬ್ಬರ ಹಾಕಿ ಹೆಸರುಕಾಳು ಚೆಲ್ಲಿ ಬಿಡುತ್ತಿದ್ದಳು. ಕೆಂಪು ಮಖಮಲ್ಲಿನಂಥ ಮಳೆಹುಳ ಕಂಡರಂತೂ ಅದನ್ನು ಅಂಗೈಯಲ್ಲಿಟ್ಟುಕೊಂಡು ಊರೊಳಗೆ ಬರುವವಳು. ಯಾರು ಎದುರು ಸಿಕ್ಕರೂ ತೋರಿಸಬೇಕು. ಮಗುವಿಗೆ ಮೊದಲ ಹಲ್ಲು ಬಂದಾಗಲೂ ಯಾರೂ ಅಷ್ಟು ಮೆರೆಯುವುದಿಲ್ಲ.

ಸುಮ್ಮನೆ ನೋಡಿ ಬಂದಿದ್ದರೆ ಏನೂ ತೊಂದರೆ ಇರಲಿಲ್ಲ. ಆದರೆ ಅಣ್ಣನನ್ನು ಕೆಣಕದೆ ಆಕೆಗೆ ಉಂಡದ್ದು ಕರಗುತ್ತಿರಲಿಲ್ಲ. ನಮ್ಮಪ್ಪ ಅಮರಗುಂಡಪ್ಪನ ಪಾಲು ತಗ್ಗಿನಲ್ಲಿತ್ತು, ಕಾಲುವೆ ನೀರು ಸಲೀಸಾಗಿ ಹರಿಯುತ್ತಿತ್ತು. ಅಪ್ಪ ಜೋಳ ಬಿಟ್ಟು ನೆಲ್ಲು ಹಿಡಿದ. ಎರಡು ಬೆಳೆ, ಚೀಲಗಟ್ಟಲೆ ಗೊಬ್ಬರ, ಮೇಲಿಂದ ಮೇಲೆ ಔಷಧ. ಸಿಂಪಡಿಸಿದ ದಿನ ಗಾಳಿಗೆ ನಮ್ಮ ಅಡಿಗೆಮನೆಯವರೆಗೂ ಆ ವಾಸನೆ ಬಂದು ಅನ್ನ ಸೇರುತ್ತಿರಲಿಲ್ಲ. ಎತ್ತರದಲ್ಲಿದ್ದ ಅತ್ತೆಯ ಹೊಲಕ್ಕೆ ನೀರು ಏರುತ್ತಿರಲಿಲ್ಲ. ಆಕೆ ತೊಗರಿ, ಜೋಳ, ಎಳ್ಳು ಅಂತ ಇದ್ದದ್ದರಲ್ಲೇ ಇದ್ದಳು. ಒಡ್ಡಿನ ಮೇಲೆ ನಿಂತು ಕೂಗುತ್ತಿದ್ದಳು:

"ಅಣ್ಣಾ, ನಿನ್ನ ಹೊಲ ಸತ್ತೈತಿ ನೋಡು! ಒಂದು ಇರುವಿ ಹರದಾಡಾಂಗಿಲ್ಲ. ನನ್ನ ಹೊಲಾ ನೋಡು, ಉಸುರಾಡಾಕತ್ತೈತಿ!"

"ಗೆದ್ದಲು ಸಾಕ್ಕೊಂಡು ಕುಣಿಯಾಕಿ ನೀ ಒಬ್ಬಾಕೆ ನೋಡವ್ವಾ," ಅಪ್ಪ ಕೆಳಗಿನಿಂದ ನಗುತ್ತಿದ್ದ. "ನನ್ನ ಚೀಲ ಎಣಿಸಿ ಆಮ್ಯಾಲೆ ಮಾತಾಡು."

"ಹುಳ ಇಲ್ಲದ್ದು ನಿಂದು, ಹುಳ ಇದ್ದದ್ದು ನಂದು! ಯಾರನ್ನ ಬೇಕಾದ್ರೂ ಕರಕೊಂಡು ಬಾ, ಕುರುಡನೂ ಹೇಳ್ತಾನ!"

ವರ್ಷವರ್ಷವೂ ಇದೇ. ಊರಿನವರಿಗೆಲ್ಲ ಈ ಮಾತು ಬಾಯಿಪಾಠವಾಗಿತ್ತು.

ಎಂಬತ್ತಮೂರರಲ್ಲಿ ನಮ್ಮ ಮಾವ, ಅಂದರೆ ಅಂಬಮ್ಮನ ಗಂಡ, ತೀರಿಕೊಂಡರು. ಮನೆಯಲ್ಲಿ ಇನ್ನೂ ಬಂದವರ ಅಳು ನಿಂತಿರಲಿಲ್ಲ. ಅದೇ ಹೊತ್ತಿಗೆ ನಮ್ಮಪ್ಪ ಹೊಲ ಸಮ ಮಾಡಲು ಯಂತ್ರ ತರಿಸಿದ್ದ. ಆ ಯಂತ್ರ ಒಡ್ಡನ್ನು ಕೆಡವಿತು, ಹುತ್ತವನ್ನು ನೆಲಸಮ ಮಾಡಿತು, ಅಲ್ಲಿಗೇ ನಿಲ್ಲದೆ ಅತ್ತೆಯ ಹೊಲದೊಳಗೆ ಒಂದು ಅಗಲವಾದ ಪಟ್ಟಿಯನ್ನು ಕೆತ್ತಿ ತಗ್ಗು ಮಾಡಿ ನೆಲ್ಲಿನ ಮಡಿಗೆ ಸೇರಿಸಿತು. ಅತ್ತೆ ಹೊರಗೆ ಬಂದು ನೋಡುವಷ್ಟರಲ್ಲಿ ಅದರಲ್ಲಿ ನೀರು ನಿಂತಿತ್ತು. ಆ ಪಟ್ಟಿಯೇ ಆಕೆಯ ಹೊಲದ ಜೀವ. ಮಿಕ್ಕದ್ದು ತೆಳು ಮಣ್ಣು, ಗರಸು. ಮನೆಗೆ ವರ್ಷವಿಡೀ ಆಗುವಷ್ಟು ತೊಗರಿ ಬರುತ್ತಿದ್ದದ್ದು ಅಲ್ಲಿಂದಲೇ.

"ಯಂತ್ರದಾಂವಗ ತಿಳೀಲಿಲ್ಲವ್ವಾ. ಈ ಬೆಳಿ ಬರ್ಲಿ, ಒಡ್ಡು ಮತ್ತ ಹಾಕಿಸ್ತೀನಿ," ಅಂದ ಅಪ್ಪ.

ಆ ಬೆಳೆ ಬಂತು, ಹೋಯಿತು. ಇನ್ನೊಂದೂ ಬಂತು. ಒಡ್ಡು ಏಳಲಿಲ್ಲ. ಎಂಬತ್ತೈದರಲ್ಲಿ ನನ್ನ ಮದುವೆಯಾಯಿತು. ಹಂದರದಲ್ಲೇ ಯಾರೋ ಹಿರಿಯರು ಒಡ್ಡಿನ ಮಾತು ತೆಗೆದರು. ಅದಕ್ಕೆ ಅಪ್ಪ ಎಲೆ ಮಡಚುತ್ತಾ ಏನಂದ ಗೊತ್ತೇ? "ನನ್ನ ಮಗಳನ್ನ ಆ ಮನಿಗೆ ಕೊಟ್ಟೀನಿ. ಇನ್ನ ಆ ಹೊಲ ಯಾರದಾದ್ರೇನ್ರೀ, ಎಲ್ಲಾ ಒಂದ!" ಎಲ್ಲರೂ ಹೌದೌದು ಎಂದು ನಕ್ಕರು. ಅರಿಷಿಣ ಮೆತ್ತಿಕೊಂಡು ತಲೆ ತಗ್ಗಿಸಿ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಜ್ಜ ತನ್ನ ಮಗಳ ಉಡಿಗೆ ಹೊಲ ಹಾಕಿದ್ದ. ನಮ್ಮಪ್ಪ ತನ್ನ ಮಗಳನ್ನು ಕೊಟ್ಟು ಆ ಹೊಲವನ್ನು ಅರಗಿಸಿಕೊಂಡ. ನನ್ನ ಉಡಿಗೆ ಬಿದ್ದದ್ದು ಕೊಬ್ಬರಿ, ಉತ್ತತ್ತಿ, ಒಂದು ಖಣ.

ಎಂಬತ್ತೇಳರ ಬೇಸಿಗೆಯಲ್ಲಿ ನನ್ನ ಗಂಡನ ತಾಳ್ಮೆ ಮುಗಿಯಿತು. ಕಾಲುವೆಯಲ್ಲಿ ನೀರು ನಿಲ್ಲಿಸಿದ್ದರು, ಮಡಿಗಳು ಒಣಗಿದ್ದವು. ಆತ ಎತ್ತು ಹೂಡಿಕೊಂಡು ಹೋಗಿ ಆ ಪಟ್ಟಿಯಲ್ಲಿ ರಂಟೆ ಇಳಿಸಿದ. ಅಪ್ಪನ ಆಳುಗಳು ಬಂದು ಎತ್ತಿನ ಹಗ್ಗ ಹಿಡಿದರು. ತಳ್ಳಾಟವಾಯಿತು, ನನ್ನ ಗಂಡನ ಅಂಗಿ ಹರಿಯಿತು. ಆತ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಪರಿಚಯದ ವಕೀಲರನ್ನು ಕಂಡು ಬಂದ. ಹೊಲ ಎರಡು ಭಾಗವಾದದ್ದೇ ದಾಖಲೆಯಲ್ಲಿಲ್ಲ, ಕೋರ್ಟಿಗೆ ಹೋದರೆ ನಿನ್ನ ಮಗನ ಕಾಲಕ್ಕೂ ಮುಗಿಯುವುದಿಲ್ಲ, ಊರ ಹಿರಿಯರಲ್ಲೇ ತೀರಿಸಿಕೋ ಅಂದರಂತೆ. ಹೀಗೆ ಪಂಚಾಯ್ತಿ ಕೂಡಿತು.

ಮುಕ್ಕುಂದದಿಂದ ಮಕ್ತುಮ್‌ಸಾಬ್ ಬಂದಿದ್ದ. ಹೊಲಗಳ ಗಡಿ ತಕರಾರಿಗೆ ಸುತ್ತಲಿನ ಹಳ್ಳಿಗಳೆಲ್ಲ ಆತನನ್ನೇ ಕರೆಯುತ್ತಿದ್ದವು. ಯಾರ ಮನೆಯ ನೀರನ್ನೂ ಕುಡಿಯದೆ ಫೈಸಲಾ ಹೇಳುವ ಮನುಷ್ಯ. ಹೊಲದಲ್ಲೇ ಜಮಖಾನೆ ಹಾಸಿ ಎಲ್ಲರೂ ಕೂತರು. ಹೆಂಗಸರು ನಾವು ದೂರದ ಜಾಲಿ ಗಿಡದ ಕೆಳಗೆ. ನನಗೆ ಆಗ ಹೊಟ್ಟೆ ಮುಂದಕ್ಕೆ ಬಂದಿತ್ತು.

ಇಂಥ ತಕರಾರಿಗೆ ನಮ್ಮ ಕಡೆ ಒಂದು ಪದ್ಧತಿ ಇದೆ. ಹೊಲ ತನ್ನದೆನ್ನುವವನು ಮಿಂದು ಒದ್ದೆ ಬಟ್ಟೆಯಲ್ಲಿ, ಆ ಹೊಲದ ಹೆಂಟೆಯನ್ನು ತಲೆಯ ಮೇಲೆ ಹೊತ್ತು, ಗಡಿ ಎಲ್ಲಿತ್ತೋ ಅಲ್ಲಿ ನಡೆಯಬೇಕು. ಅವನು ನಡೆದ ದಾರಿಯೇ ಗಡಿ. ಸುಳ್ಳು ನಡೆದರೆ ಅವನ ವಂಶ ನಿಲ್ಲುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ ಉಂಟು, ಅದಕ್ಕೇ ಯಾರೂ ಸುಳ್ಳು ನಡೆಯುವುದಿಲ್ಲ.

"ನಾ ಹೊರ್ತೀನ್ರೀ," ಅಂದ ನನ್ನ ಗಂಡ, ಅಂಗಿ ಬಿಚ್ಚುತ್ತಾ.

ಆಗ ನಮ್ಮಪ್ಪ ಎದ್ದು ನಿಂತ. ಆತನ ಮುಖದಲ್ಲಿ ಅಂಥ ಸಾತ್ವಿಕ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ. "ಮಕ್ತುಮ್ ಕಾಕಾ, ಆಂವ ಹೊತ್ತರ ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಆಂವನ ಹೇಣ್ತಿ ಎರಡು ಜೀವದಾಕಿ. ಬಸುರಿ ಇದ್ದ ಮನ್ಯಾಗ ಹೆಂಟಿ ಹೊರಬಾರದು ಅಂತ ಹಿರ್ಯಾರು ಹೇಳ್ಯಾರ. ಆಕಿ ನನ್ನ ಮಗಳ ರೀ. ನನ್ನ ಮಗಳ ಹೊಟ್ಟಿ ಮ್ಯಾಲೆ ಆಣಿ ಬೀಳೋದು ನನಗ ಬ್ಯಾಡ."

ಎಲ್ಲರೂ ತಲೆಯಾಡಿಸಿದರು. ಖರೇ, ಖರೇ, ಅದು ಬರೋಬ್ಬರಿ. ಮದುವೆಯಲ್ಲಿ ನನ್ನನ್ನು ಮುಂದೆ ಮಾಡಿ ಹೊಲ ನುಂಗಿದ್ದ, ಈಗ ನನ್ನ ಹೊಟ್ಟೆಯನ್ನೇ ಮುಂದೆ ಮಾಡಿದ! ಅಲ್ಲೇ ಎದ್ದು ಕೂಗಬೇಕೆನಿಸಿತು. ಪಂಚಾಯ್ತಿಯಲ್ಲಿ ಸೊಸೆಯಾದವಳು ಮಾತಾಡುವಂತಿಲ್ಲ. ಹಲ್ಲು ಕಚ್ಚಿ ಕೂತೆ.

ಅಂಬಮ್ಮ ಮಾತ್ರ ಕೂರಲಿಲ್ಲ. ವಯಸ್ಸಾದವಳು, ಮೇಲಾಗಿ ಊರ ಮಗಳು, ಆಕೆಗೆ ಮಾತಾಡುವ ಸಲಿಗೆಯಿತ್ತು. ಸೆರಗು ಬಿಗಿದು ಸೀದಾ ಜಮಖಾನೆಯ ಹತ್ತಿರ ಹೋದಳು. ಕೋಪಕ್ಕೆ ಮೂಗಿನ ಹೊಳ್ಳೆ ಅರಳಿದ್ದವು.

"ಮನಷ್ಯಾರು ಸಾಕ್ಷಿ ಹೇಳಬಾರದೇನು? ಆತು! ಹುಳ ಹೇಳ್ಲಿ! ಮೊನ್ನಿ ಮಳಿ ಆಗೇತಿ, ನೆಲಾ ಹಸಿ ಐತಿ. ಹೆಂಡಿ ಒತ್ತಿ ನೋಡ್ರಿ. ಹುಳ ಎಲ್ಲಿ ತನಕ ಅದಾವೋ ಅಲ್ಲಿ ತನಕ ನಂದು. ಹುಳ ಇಲ್ಲದ್ದು ಆಂವಂದು!"

ನಾನು ಜಾಲಿ ಗಿಡದ ಕೆಳಗಿನಿಂದ ಎದ್ದೆ. ಓಡಿ ಹೋಗಿ ಹಿಂದಿನಿಂದ ಆಕೆಯ ಸೆರಗು ಜಗ್ಗಿದೆ. "ಅತ್ತೀ, ಬ್ಯಾಡ. ಆ ಪಟ್ಟ್ಯಾಗ ನಾಕು ವರ್ಷ ನೀರು ನಿಂತೈತಿ, ಔಷಧ ಕುಡದೈತಿ," ಎಂದು ಪಿಸುಗುಟ್ಟಿದೆ.

"ಬಿಡ ಸೆರಗಾ! ನಮ್ಮಪ್ಪನ ಕಾಲದಾಗಿಂದ ಹೆಂಡಿ ಉಂಡ ಮಣ್ಣದು. ನಾಕು ವರ್ಷಕ್ಕ ಸಾಯತೈತೇನು? ನೀ ಸುಮ್ಕಿರು," ಎಂದು ಕೈ ಜಾಡಿಸಿದಳು.

ನಮ್ಮಪ್ಪ ನೆಲ ನೋಡುತ್ತಾ ನಿಂತಿದ್ದ. ಆಮೇಲೆ ಮೆಲ್ಲಗೆ, "ತಂಗಿ ಹೇಳಿದ್ದಕ್ಕ ನಾ ಒಪ್ಪೀನ್ರೀ. ನೀವೆಲ್ಲಾ ಕೇಳ್ಯೀರಿ," ಅಂದ. ಮಕ್ತುಮ್‌ಸಾಬ್ ಒಂದು ಸಲ ಅಲ್ಲ, ಮೇಲಿಂದ ಮೇಲೆ ಕೇಳಿದ: "ಅಂಬವ್ವಾ, ವಿಚಾರ ಮಾಡಿ ಹೇಳು. ಆಮ್ಯಾಲೆ ಹಿಂದ ಸರಿಯಾಕ ಬರಾಂಗಿಲ್ಲ." ಅಂಬಮ್ಮ ಹಿಂದೆ ಸರಿಯುವವಳೇ? ತಾನೇ ಬುಟ್ಟಿ ತಂದು, ತಾನೇ ಮುದ್ದೆ ಒತ್ತಿ, ತಾನೇ ಚೂರು ಮುಚ್ಚಿದಳು. ಅತ್ತ ಎತ್ತರದ ತನ್ನ ಹೊಲದಿಂದ ಹಿಡಿದು ಆ ಪಟ್ಟಿಯನ್ನು ದಾಟಿ ಅಣ್ಣನ ಮಡಿಯವರೆಗೂ ಸಾಲಾಗಿ. ಇಬ್ಬರ ಕಡೆಯವರೂ ಕಾವಲಿಗೆ ಕೂತರು.

ಮರುದಿನ ಬೆಳಿಗ್ಗೆ ಊರಿಗೆ ಊರೇ ಹೊಲದಲ್ಲಿತ್ತು. ಎತ್ತರದಲ್ಲಿ ಮೊದಲ ಚೂರು ಎತ್ತಿದಳು. ಗೆದ್ದಲು ಮುದ್ದೆಯನ್ನು ಅರ್ಧ ತಿಂದು ಮುಗಿಸಿತ್ತು. ಎರಡನೆಯದರ ಕೆಳಗೆ ಎರೆಹುಳ. "ನೋಡ್ರಿ! ನೋಡ್ರಿ!" ಎಂದು ಕೂಗಿದಳು. ಪಟ್ಟಿಯೊಳಗೆ ಕಾಲಿಟ್ಟು ಮುಂದಿನದನ್ನು ತಿರುವಿದಳು. ಮುದ್ದೆಯ ಮೇಲೆ ಆಕೆಯ ಬೆರಳಿನ ಗುರುತು ಹಾಗೇ ಇತ್ತು, ಕೆಳಗೆ ಏನೂ ಇರಲಿಲ್ಲ. ಅದರ ಮುಂದಿನದನ್ನು ತಿರುವಿದಳು. ಅದರಲ್ಲೂ ಇಲ್ಲ. ಆಮೇಲೆ ಚೂರುಗಳನ್ನು ಎತ್ತಿ ಎತ್ತಿ ಬಿಸಾಡುತ್ತಾ ಓಡಿದಳು, ಕೂತು ಉಗುರಿನಿಂದ ಮಣ್ಣು ಕೆದರಿದಳು. ಮಣ್ಣು ಹೆಂಚಿನ ತುಂಡಿನಂತೆ ಬಿಲ್ಲೆ ಬಿಲ್ಲೆಯಾಗಿ ಎದ್ದಿತು. ಒಂದು ಇರುವೆಯೂ ಇರಲಿಲ್ಲ.

ಮಕ್ತುಮ್‌ಸಾಬ್ ಫೈಸಲಾ ಹೇಳಲು ಎದ್ದು ನಿಂತ. ಆತನಿಗೆ ನಿಜ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಹುತ್ತಕ್ಕೆ ನಾಗರಪಂಚಮಿಗೆ ಹಾಲೆರೆದ ಹೆಂಗಸರು ಅಲ್ಲೇ ನಿಂತಿದ್ದರು. ಆದರೂ ಆತ ಹೇಳಿದ: "ಸಾಕ್ಷಿ ನೀನ ಕೇಳಿದ್ದು ಅಂಬವ್ವಾ. ಕೊಟ್ಟ ಮಾತು ಮುರಿದ್ರ ನಾಳೆ ಪಂಚಾಯ್ತಿಗೆ ಯಾರು ಬೆಲಿ ಕೊಡ್ತಾರ? ಹುಳ ಇದ್ದದ್ದು ನಿಂದು. ಹುಳ ಇಲ್ಲದ್ದು ಅಮರಗುಂಡಪ್ಪಂದು."

ಅಂಬಮ್ಮ ಮಣ್ಣು ಮೆತ್ತಿದ ಕೈಗಳನ್ನು ಹಾಗೇ ಹಿಡಿದು ಎದ್ದು ನಿಂತಳು. "ಕೊಂದಾಂವಗ ಹೊಲಾ ಕೊಟ್ರೇನ್ರೋ?" ಅಂದಳು.  ಆಕೆಯ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವತ್ತು ಮನೆಗೆ ಬಂದು ನಾನು ಆಕೆಗೆ ಬಾಯಿಗೆ ಬಂದಂತೆ ಬೈದೆ. ಸೊಸೆ ಅತ್ತೆಗೆ ಹಾಗೆ ಬೈದದ್ದನ್ನು ನಮ್ಮ ಓಣಿ ಕಂಡಿರಲಿಲ್ಲ. ಗಂಡ ಅಡ್ಡ ಬಂದರೆ ಆತನಿಗೂ ಬೈದೆ. ಅಂಬಮ್ಮ ಒಲೆ ಹಚ್ಚಿದಳು. ನನ್ನ ಸಿಟ್ಟು ಆಕೆಯ ಮೇಲೆ ಇರಲಿಲ್ಲ, ಇದ್ದದ್ದು ನಮ್ಮಪ್ಪನ ಮೇಲೆ, ಗೊತ್ತಿದ್ದೂ ಸುಮ್ಮನಿದ್ದ ಅಷ್ಟೂ ಜನರ ಮೇಲೆ. ಆದರೆ ಕೈಗೆ ಸಿಕ್ಕವಳು ಆಕೆ ಒಬ್ಬಳೇ. ಅಂಗಡಿಯಲ್ಲಿ ತೊಗರಿ ಕೊಳ್ಳುವುದು ಇನ್ನು ಕಾಯಂ ಆಯಿತು. ನಾನು ತವರಿನ ಹೊಸ್ತಿಲು ತುಳಿಯುವುದನ್ನು ಬಿಟ್ಟೆ. ಬಾಣಂತನವೂ ಗಂಡನ ಮನೆಯಲ್ಲೇ ಆಯಿತು. ಬಾಣಂತಿಯ ಎಣ್ಣೆ ನೀರು ಎರೆದವಳು ಅದೇ ಅಂಬಮ್ಮ.

ವರ್ಷಗಳು ಹೋದವು. ತೊಂಬತ್ತೈದರ ಹೊತ್ತಿಗೆ ಅಪ್ಪನ ಮಡಿಗಳಲ್ಲಿ ಸವಳು ಎದ್ದಿತ್ತು. ಎಲ್ಲಕ್ಕಿಂತ ಮೊದಲು ಕೆಟ್ಟದ್ದು ಆ ಪಟ್ಟಿಯೇ. ನೀರು ಬಸಿದು ಹೋಗಲು ದಾರಿಯಿಲ್ಲದೆ ಮೇಲೆಲ್ಲ ಬೆಳ್ಳಗೆ ಉಪ್ಪು ಚೆಲ್ಲಿದ ಹಾಗಾಗಿ, ಹಚ್ಚಿದ ನೆಲ್ಲು ಮೊಳಕಾಲೆತ್ತರಕ್ಕೂ ಏಳದೆ ಕೆಂಪಾಗುತ್ತಿತ್ತು. ಅದೇ ವರ್ಷ ನನ್ನ ತಮ್ಮನಿಗೆ ಮಸ್ಕಿಯಲ್ಲಿ ಹೆಣ್ಣು ನೋಡಿದರು. ಹೆಣ್ಣಿನ ಕಡೆಯವರು ಎಲ್ಲ ಒಪ್ಪಿ, ಕಡೆಗೆ ಒಂದು ಮಾತು ಕೇಳಿದರಂತೆ: ತಂಗಿಯ ಅರಿಷಿಣ ಕುಂಕುಮದ ಹೊಲ ತಿಂದ ಮನೆ ಅಂತಾರಲ್ಲ, ಅದು ನಿಮ್ಮದೇನು?

ಮುಂದಿನ ಅಮಾವಾಸ್ಯೆಗೆ ಅಪ್ಪ ಹಿರಿಯರನ್ನು ಕೂಡಿಸಿದ. ಮುಪ್ಪಿನಿಂದ ಬಾಗಿದ್ದ ಮಕ್ತುಮ್‌ಸಾಬನನ್ನೂ ಗಾಡಿ ಕಳಿಸಿ ಕರೆಸಿದ. ಮಸ್ಕಿಯ ಬೀಗರನ್ನು ಮುಂದೆಯೇ ಕೂರಿಸಿದ್ದ. ಅದೇ ಹೊಲ, ಅದೇ ಜಮಖಾನೆ. ಆ ಪಟ್ಟಿಯ ಒಂದು ಹೆಂಟೆಯನ್ನು ಎಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು, "ಆಗಿದ್ದು ಆತು. ತಂಗೀ ಮುಂದ ನನಗ ಹೊಲ ಹೆಚ್ಚಿಂದಲ್ಲ. ಉಡ್ಯಾಗ ಹಾಕ್ತೀನಿ," ಅಂದ. ಎಂಥ ಅಣ್ಣ, ಎಂಥ ಮನಸ್ಸು ಎಂದು ಜನ ಹೊಗಳಿದ್ದೇ ಹೊಗಳಿದ್ದು. ಒಬ್ಬರಂತೂ ಕಣ್ಣೊರೆಸಿಕೊಂಡರು. ನನಗೆ ಕಲ್ಲು ತೆಗೆದು ಎಸೆಯಬೇಕೆನಿಸಿತು. ಆದರೂ ಒಳಗೊಳಗೆ ಲೆಕ್ಕ ಹಾಕಿದೆ: ಸವಳಾದರೂ ಸರಿ, ನೆಲ ನೆಲವೇ. ನೀರು ಬಸಿದರೆ, ಗೊಬ್ಬರ ಹೊಡೆದರೆ ನನ್ನ ಮಗನ ಕಾಲಕ್ಕಾದರೂ ತೊಗರಿ ಬಂದೀತು. ಉಡಿ ಒಡ್ಡು ಅತ್ತೀ, ಬಾಯಿ ತೆರೆಯಬೇಡ, ಉಡಿ ಒಡ್ಡು ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಂಬಮ್ಮ ತಟ್ಟೆಯ ಮುಂದೆ ಹೋಗಿ ನಿಂತು, ಹೆಂಟೆಯನ್ನು ಎತ್ತಿ, ಪುಡಿ ಮಾಡಿ ನೋಡಿದಳು. ಬಿಳಿ ಬೂದಿಯಂಥದು ಬೆರಳಿಗೆ ಅಂಟಿತು.

"ಹುಳ ಇಲ್ಲದ್ದು ನಿಂದು ಅಂತ ಇದ ಮಕ್ತುಮ್ ಕಾಕಾ ಫೈಸಲಾ ಹೇಳ್ಯಾನ. ನಾನ ಕೇಳಿದ್ದ ಸಾಕ್ಷಿ, ನಾ ಮುರಿಯಾಂಗಿಲ್ಲ. ಇದು ನಿಂದಣ್ಣಾ, ಇಟ್ಕೋ. ನಮ್ಮಪ್ಪ ನನಗ ಕೊಟ್ಟಿದ್ದ ಹೊಲದಾಗ ಹುಳ ಇದ್ದವು. ಅದನ್ನ ತಂದು ಕೊಡು, ಉಡಿ ಒಡ್ತೀನಿ."

 ಅಪ್ಪನ ಮುಖ ಕಪ್ಪಿಟ್ಟಿತು. ಮಕ್ತುಮ್‌ಸಾಬ್ ಕೋಲಿನ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದ. ಆಕೆ ಹೇಳಿದ್ದು ಸರಿ. ಸರಿ ಎಂದು ನನಗೂ ಗೊತ್ತು. ಆದರೆ ಸರಿ ಮಾತನ್ನು ಬೇಯಿಸಿ ತಿನ್ನಲಿಕ್ಕಾಗುತ್ತದೆಯೇ? ಮತ್ತೆ ಹೋಯಿತು, ಮತ್ತೆ ಆ ಬಾಯಿಯಿಂದಲೇ ಹೋಯಿತು ಎಂದು ನನ್ನ ತಲೆ ಸಿಡಿಯಿತು. ಅಪ್ಪ ತಟ್ಟೆಯನ್ನು ಎತ್ತಲು ಬಗ್ಗಿದ.

ನಾನು ಎದ್ದೆ. ಹೇಗೆ ಅಲ್ಲಿಗೆ ಹೋದೆನೋ ತಿಳಿಯದು. ಅಪ್ಪನ ಎದುರಿಗೆ ನಿಂತು ಸೆರಗು ಒಡ್ಡಿದೆ.

"ಅತ್ತಿಗೆ ಬ್ಯಾಡಾದ್ರ ನನಗ ಹಾಕಪಾ," ಅಂದೆ.

"ಪಂಪವ್ವಾ, ಏನಿದು?" ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. "ಮಂದಿ ಮುಂದ..."

"ಮಂದಿ ಮುಂದನ ಹಾಕು. ನಾ ನಿನ್ನ ಮಗಳ ಅಲ್ಲೇನು? ನಮ್ಮಜ್ಜ ಆತನ ಮಗಳಿಗೆ ಹಾಕ್ಯಾನ. ನನ್ನ ಉಡ್ಯಾಗ ನೀ ಏನ ಹಾಕೀದಿ? ನನ್ನ ಮದಿವ್ಯಾಗ ನನ್ನ ಹೆಸರ ಹೇಳಿ ಉಳಿಸ್ಕೊಂಡಿ, ನನ್ನ ಹೊಟ್ಟಿ ತೋರಿಸಿ ಗೆದ್ದಿ. ಈಗ ನನಗ ಹಾಕು!"

ಜೀವಮಾನದಲ್ಲಿ ಪಂಚಾಯ್ತಿಯ ಮುಂದೆ ನಾನು ಆಡಿದ ಮಾತು ಅಷ್ಟೇ.  ಮಸ್ಕಿಯ ಬೀಗರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಕ್ತುಮ್‌ಸಾಬ್ ಕಣ್ಣು ತೆರೆದು, "ಹಾಕಪಾ ಅಮರಗುಂಡಪ್ಪಾ. ಮಗಳು ಉಡಿ ಒಡ್ಡ್ಯಾಳ," ಅಂದ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ಪುಡಿಯಾದ ಆ ಹೆಂಟೆ, ಎಲೆ, ಅಡಿಕೆ ನನ್ನ ಉಡಿಗೆ ಬಿದ್ದವು.

ತಿರುಗಿ ನೋಡಿದರೆ ಅಂಬಮ್ಮ ಇರಲಿಲ್ಲ. ಒಡ್ಡಿಲ್ಲದ ಹೊಲದಲ್ಲಿ ಒಬ್ಬಳೇ ಮನೆಯ ಕಡೆ ಹೋಗುತ್ತಿದ್ದಳು. ಆವತ್ತಿನಿಂದ ಮಾತು ನಿಂತಿತು. ಅನ್ನ ಬಡಿಸಿದರೆ ಉಣ್ಣುವಳು, ನನ್ನ ಮುಖ ನೋಡುವವಳಲ್ಲ. ಮೊಮ್ಮಗನ ಮೂಲಕ "ನಿಮ್ಮವ್ವಗ ಹೇಳು, ಉಪ್ಪು ಹೆಚ್ಚಾಗೇತಿ" ಎಂದು ಹೇಳಿಸುವಳು. ಆಕೆಯ ಮಾತಿನ ಕಾಟದಿಂದ ಬೇಸತ್ತವಳು ನಾನು, ಆ ಮೌನದಲ್ಲಿ ಹುಚ್ಚು ಹಿಡಿಯುವುದೊಂದು ಬಾಕಿ. ನಾನೂ ನನ್ನ ಗಂಡನೂ ಪಟ್ಟಿಯ ಕೆಳಗಂಚಿಗೆ ನೀರು ಬಸಿಯಲು ಕಾಲುವೆ ತೋಡಿದೆವು, ಒಡ್ಡು ಹಾಕಿದೆವು, ತಿಪ್ಪೆಯ ಗೊಬ್ಬರ ಹೊಡೆದೆವು. ಆಕೆ ಅತ್ತ ಸುಳಿಯಲಿಲ್ಲ.

ಮುಂದಿನ ಮುಂಗಾರು ಬಂತು. ಮೊದಲ ಮಳೆಯಾದ ಮರುದಿನ ಬುತ್ತಿ ತೆಗೆದುಕೊಂಡು ಹೋದರೆ, ನನ್ನ ಪಟ್ಟಿಯ ಉದ್ದಕ್ಕೂ ಗಡಿಗೆಯ ಚೂರುಗಳು ಸಾಲಾಗಿ ಕೂತಿದ್ದವು. ಅಂಬಮ್ಮ ಹೊಸ ಒಡ್ಡಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಾನು ಬುತ್ತಿ ಕೆಳಗಿಟ್ಟು ಒಂದು ಚೂರು ಎತ್ತಿದೆ, ಮುದ್ದೆ ತಿರುವಿದೆ. ಬೆರಳಿನ ಗುರುತು ಮಾತ್ರ ಇತ್ತು. ಇನ್ನೊಂದು ತಿರುವಿದೆ. ಕಡೆಯದನ್ನೂ ತಿರುವಿದೆ. ಏನೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು.

"ಸತ್ತೈತಿ ನೋಡವ್ವಾ ನಿನ್ನ ಹೊಲ!" ಒಡ್ಡಿನ ಮೇಲಿಂದ ಆಕೆ ಕೂಗಿದಳು, ಹಿಂದೆ ಅಣ್ಣನಿಗೆ ಕೂಗುತ್ತಿದ್ದ ಅದೇ ದನಿಯಲ್ಲಿ. "ಒಂದು ಇರುವಿ ಹರದಾಡಾಂಗಿಲ್ಲ! ನನ್ನ ಹೊಲಾ ನೋಡು!"

ಸಿಟ್ಟು ನೆತ್ತಿಗೇರಿತು. ಚೂರನ್ನು ನೆಲಕ್ಕೆ ಅಪ್ಪಳಿಸಿ ಆಕೆಯ ಕಡೆ ತಿರುಗಿದೆ. ಆಕೆ ಆಗಲೇ ಒಡ್ಡಿಳಿದು, ತನ್ನ ಹೊಲದ ಮಣ್ಣು ತುಂಬಿದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಳು. ಅದರಲ್ಲಿ ಗೆದ್ದಲು, ಎರೆಹುಳ ಎಲ್ಲ ಹರಿದಾಡುತ್ತಿದ್ದವು. ನನ್ನನ್ನು ಮೊಳಕೈಯಿಂದ ಆಚೆ ತಳ್ಳಿ, ಬುಟ್ಟಿಯನ್ನು ನನ್ನ ಪಟ್ಟಿಯಲ್ಲಿ ಬೋರಲು ಹಾಕಿದಳು.

"ನಿಂತು ಏನ ನೋಡ್ತೀ? ಬಿಸಿಲಿಗೆ ಸಾಯ್ತಾವ. ಹೆಂಡಿ ಮುಚ್ಚು," ಅಂದಳು.